ಪದದ ಗಂಟು: ಒಂದು ಆ್ಯಪಿನಿಂದ ಇನ್ನೊಂದಕ್ಕೆ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿ, ತಾಳಮಲೆ, ಗಾಜನೂರು, ಹಾಸನೂರುಗಳು ಮದರಾಸು ರಾಜ್ಯದಲ್ಲಿಯೇ ಉಳಿದವು. ಇಂದು ಅವು ಈರೋಡ್ ಜಿಲ್ಲೆಗೆ ಸೇರಿವೆ. ಹೀಗೆ ಮನೆಯ ಕನ್ನಡವು ಕಚೇರಿಯ ತಮಿಳಿನೊಡನೆ ನಿತ್ಯ ವ್ಯವಹರಿಸುವ ಸೀಮೆಯಲ್ಲಿ ಆಡುಮಾತಿನ ಪದಗಳನ್ನು ಸಂಗ್ರಹಿಸಲು ವಿದ್ಯಾರ್ಥಿಯೊಬ್ಬನು ಹೊರಟಿದ್ದಾನೆಂದು ಭಾವಿಸೋಣ. ಅವನ ಕೈಯಲ್ಲಿರುವುದು ಟಿಪ್ಪಣಿ ಪುಸ್ತಕವಲ್ಲ, ಆಂಡ್ರಾಯ್ಡ್ ಮೊಬೈಲು. ಅದರಲ್ಲಿ ಎರಡು ಆ್ಯಪುಗಳಿವೆ: ಒಂದು ಪದವನ್ನು ಬರೆದುಕೊಳ್ಳುವುದು, ಇನ್ನೊಂದು ನಿಘಂಟನ್ನು ಜೋಡಿಸುವುದು. ಮೊದಲನೆಯದರ ಪದ ಎರಡನೆಯದಕ್ಕೆ ತಲುಪಬೇಕು. ಈ ದಾಟುವಿಕೆಯೇ ಇಲ್ಲಿನ ಪಾಠ.

ಆಂಡ್ರಾಯ್ಡಿನಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಆ್ಯಪೂ ತನ್ನದೇ ಪ್ರಕ್ರಿಯೆಯಲ್ಲಿ ನಡೆಯುತ್ತದೆ. ಪ್ರಕ್ರಿಯೆಯೆಂದರೆ ತನ್ನದೇ ಸ್ಮೃತಿಕೋಶವುಳ್ಳ, ಬಾಗಿಲು ಹಾಕಿದ ಮನೆ. ಒಂದು ಮನೆಯ ವಸ್ತುವಿನ ವಿಳಾಸವನ್ನು ಇನ್ನೊಂದು ಮನೆಗೆ ಹೇಳಿ ಪ್ರಯೋಜನವಿಲ್ಲ; ಆ ಮನೆಯಲ್ಲಿ ಅದೇ ವಿಳಾಸದಲ್ಲಿ ಬೇರೇನೋ ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಎರಡರ ನಡುವೆ ಒಯ್ಯುವವನು ಬೈಂಡರ್. ಅದು ವ್ಯವಸ್ಥೆಯ ಒಡಲಾದ ಲಿನಕ್ಸ್ ಕರ್ನೆಲ್ಲಿನಲ್ಲಿರುವ ಚಾಲಕ. ಬೈಂಡರಿಗೆ ‘ಪದ’ ಎಂದರೇನು, ‘ಅರ್ಥ’ ಎಂದರೇನು ಎಂಬುದು ತಿಳಿಯದು. ಅದು ಬಲ್ಲದ್ದು ಬೈಟುಗಳ ಸಾಲನ್ನು ಮಾತ್ರ.

ಆದುದರಿಂದ ವಸ್ತುವನ್ನು ಬಿಚ್ಚಿ, ಸಾಲಾಗಿ ಮಡಚಿ, ಗಂಟು ಕಟ್ಟಬೇಕು. ಆಚೆ ಕಡೆ ಗಂಟು ಬಿಚ್ಚಿ ಅಂಥದೇ ಹೊಸ ವಸ್ತುವನ್ನು ಕಟ್ಟಬೇಕು. ಈ ಗಂಟಿಗೆ ಆಂಡ್ರಾಯ್ಡ್ ಇಟ್ಟ ಹೆಸರು ‘ಪಾರ್ಸೆಲ್’. ಅಂಚೆಯಿಂದಲೂ ಹೋಟೆಲಿನಿಂದಲೂ ಕನ್ನಡಕ್ಕೆ ಎಂದೋ ಬಂದ ಪದವಾದ್ದರಿಂದ ಅನುವಾದದ ಗೋಜು ಇಲ್ಲ. ಪೂರ್ಣಾಂಕ, ಅಕ್ಷರಮಾಲೆ ಮೊದಲಾದ ಸರಳ ಮೌಲ್ಯಗಳನ್ನು ಕಟ್ಟುವುದು ಪಾರ್ಸೆಲಿಗೆ ಬರುತ್ತದೆ. ಆದರೆ ವಿದ್ಯಾರ್ಥಿಯು ತಾನೇ ರಚಿಸಿದ ‘ಪದ’ ಎಂಬ ವರ್ಗಕ್ಕೆ ಉಲ್ಲೇಖ, ಅರ್ಥ, ಊರು ಎಂಬ ಮೂರು ಅಂಗಗಳಿದ್ದರೆ, ಅವನ್ನು ಹೇಗೆ ಕಟ್ಟಬೇಕೆಂದು ಅವನೇ ಹೇಳಬೇಕು. ಅದಕ್ಕಾಗಿ ವರ್ಗವು ‘ಪಾರ್ಸೆಲಬಲ್’ ಎಂಬ ಒಡಂಬಡಿಕೆಯನ್ನು ಒಪ್ಪುತ್ತದೆ. ‘ರೈಟ್‌ಟುಪಾರ್ಸೆಲ್’ ಎಂಬ ಕ್ರಿಯೆ ಅಂಗಗಳನ್ನು ಒಂದೊಂದಾಗಿ ಬರೆಯುತ್ತದೆ. ‘ಕ್ರಿಯೇಟರ್’ ಎಂಬ ಭಾಗ ಅವನ್ನು ಓದಿ ಹೊಸ ವಸ್ತುವನ್ನು ಹುಟ್ಟಿಸುತ್ತದೆ. ಈಗ ಕಾಟ್ಲಿನ್ ಭಾಷೆಯಲ್ಲಿ ‘ಪಾರ್ಸೆಲೈಸ್’ ಎಂಬ ಗುರುತನ್ನು ಹಾಕಿದರೆ ಈ ಬರವಣಿಗೆಯನ್ನು ಯಂತ್ರವೇ ಮಾಡಿಕೊಡುತ್ತದೆ. ಆದರೂ ಒಮ್ಮೆ ಕೈಯಿಂದ ಬರೆಯುವುದು ಒಳ್ಳೆಯದು. ಸಂಧಿಯನ್ನು ಬಿಡಿಸಿ ನೋಡದೆ ಕಲಿತವರುಂಟೆ?

ಇದರಲ್ಲಿ ಒಂದು ನಿಯಮವಿದೆ, ಅದೇ ಮುಖ್ಯ. ಬರೆದ ಕ್ರಮದಲ್ಲಿಯೇ ಓದಬೇಕು. ಗಂಟಿನೊಳಗೆ ‘ಇದು ಅರ್ಥ’, ‘ಇದು ಊರು’ ಎಂಬ ಚೀಟಿಗಳಿರುವುದಿಲ್ಲ, ಸ್ಥಾನವೇ ಗುರುತು. ಉಲ್ಲೇಖ, ಅರ್ಥ, ಊರು ಎಂದು ಬರೆದು ಉಲ್ಲೇಖ, ಊರು, ಅರ್ಥ ಎಂದು ಓದಿದರೆ ಯಂತ್ರ ದೂರುವುದಿಲ್ಲ, ಏಕೆಂದರೆ ಎರಡೂ ಅಕ್ಷರಮಾಲೆಗಳೇ. ಆ್ಯಪು ನಿಂತುಹೋದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಇಲ್ಲಿ ಹಾಗಾಗದೆ, ‘ತಾಳಮಲೆ’ ಎಂಬುದು ಯಾವುದೋ ಪದದ ಅರ್ಥವಾಗಿ ನಿಘಂಟಿನಲ್ಲಿ ಕುಳಿತುಬಿಡುತ್ತದೆ. ಆ ಪದವನ್ನು ಹೇಳಿದ ಅಜ್ಜಿಯನ್ನು ಮತ್ತೆ ಕೇಳುವ ಅವಕಾಶ ಇರಲಾರದು.

ಪಾರ್ಸೆಲಿನಲ್ಲಿ ‘ತಾಳಮಲೆ’ ಹೇಗಿರುತ್ತದೆಂದು ನೋಡಬಹುದು. ಕಿವಿಗೆ ಇದು ನಾಲ್ಕು ಅಕ್ಷರ. ಯೂನಿಕೋಡಿಗೆ ಆರು ಸಂಕೇತ: ತ, ಆ-ಕಾರದ ಚಿಹ್ನೆ, ಳ, ಮ, ಲ, ಎ-ಕಾರದ ಚಿಹ್ನೆ. ವ್ಯಂಜನದಲ್ಲಿ ಅಡಗಿರುವ ಅ-ಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಜಾವಾದ ಅಕ್ಷರಮಾಲೆ ಸಾಮಾನ್ಯ ರೀತಿಯಲ್ಲಿ ಕಟ್ಟಲ್ಪಡುವಾಗ ಸಂಕೇತಕ್ಕೆ 2 ಬೈಟುಗಳಂತೆ 12. ಕೊನೆಯ ಸೊನ್ನೆಗೆ 2. ನಾಲ್ಕರ ಗುಣಕವಾಗಲೆಂದು ತುಂಬಿದ್ದು 2. ಮೊದಲಿಗೇ ಬರೆದ ಉದ್ದದ ಸಂಖ್ಯೆಗೆ 4. ಒಟ್ಟು 20 ಬೈಟು. ಳ-ಕಾರ ಳ-ಕಾರವಾಗಿಯೇ ಆಚೆಗೆ ತಲುಪುತ್ತದೆ.

ಲಿಪಿಯಿಂದ ಲಿಪಿಗೆ ದಾಟುವಾಗ ಇಷ್ಟು ನಿಷ್ಠೆ ಕಾಣುವುದಿಲ್ಲ. ತಮಿಳು ಲಿಪಿಯಲ್ಲಿ ಕ-ಗಗಳಿಗೆ ಒಂದೇ ಅಕ್ಷರ. ಗಾಜನೂರಿನ ಗ-ಕಾರವನ್ನು ಬಲ್ಲವರು ಮಾತ್ರ ಸರಿಯಾಗಿ ಓದಬಲ್ಲರು. ಮರಾಠಿಯಲ್ಲಿ ಳ-ಕಾರ ಉಂಟು, ಆದರೆ ಎ-ಏಗಳ ಹ್ರಸ್ವದೀರ್ಘ ಭೇದವನ್ನು ತೋರುವ ಪ್ರತ್ಯೇಕ ಅಕ್ಷರಗಳಿಲ್ಲ. ಅಲ್ಲಿ ‘ಮಲೆ’ಯ ಕೊನೆ ‘ಮಲೇ’ ಆಗಬಹುದು. ರೋಮನ್ ಲಿಪಿಯ ‘ಎಲ್’ ಅಂತೂ ಲ-ಳಗಳೆರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಸ್ವೀಕರಿಸುವವನ ಬಳಿ ಆ ಅಂಗಕ್ಕೆ ಜಾಗವೇ ಇಲ್ಲದಿದ್ದರೆ ಕಳುಹಿಸುವವನು ಎಷ್ಟು ಎಚ್ಚರದಿಂದ ಕಟ್ಟಿದರೂ ಅಷ್ಟೆ.

ಆ್ಯಪುಗಳಲ್ಲಿಯೂ ಇದೇ ಮಾತು. ‘ಪದ’ ವರ್ಗದ ವ್ಯಾಖ್ಯೆ ಎರಡೂ ಕಡೆ, ಅದೇ ಪೂರ್ಣ ಹೆಸರಿನಿಂದ ಇರಬೇಕು. ಇಲ್ಲದಿದ್ದರೆ ಇಂಟೆಂಟಿನಲ್ಲಿ ಹಾಕಿ ಕಳುಹಿಸಿದ ವಸ್ತುವನ್ನು ಬಿಚ್ಚಹೊರಟ ಆ್ಯಪು ‘ಬ್ಯಾಡ್‌ಪಾರ್ಸೆಲಬಲ್’ ದೋಷವನ್ನು ಎಸೆದು ನಿಲ್ಲುತ್ತದೆ. ಆವೃತ್ತಿ ಬದಲಾದಾಗ ತೊಡಕು ಇನ್ನೂ ಸೂಕ್ಷ್ಮ. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೆ ರಳ, ಕುಳ, ಕ್ಷಳಗಳು ಗೊತ್ತು. ಅವನ್ನು ಬೇರ್ಪಡಿಸಿ ಬರೆದ ಕವಿಗೂ ಒಂದೇ ಳ-ಕಾರವನ್ನು ಬಲ್ಲ ಇಂದಿನ ಓದುಗನಿಗೂ ನಡುವೆ ಇರುವುದು ಆವೃತ್ತಿಯ ಅಂತರವೇ. ರಳಕ್ಕೆ ಯೂನಿಕೋಡಿನಲ್ಲಿ ಸ್ಥಾನವೇನೋ ಇದೆ. ಆದರೆ ಅದರ ಅಧಿಕೃತ ಹೆಸರು ತಪ್ಪಾಗಿ ‘ಫ’ ಎಂದು ನಮೂದಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ಕಟ್ಟಳೆಯಾದ್ದರಿಂದ ತಿದ್ದುಪಡಿಯು ಉಪನಾಮವಾಗಿ ಮಾತ್ರ ಸೇರಿತು. ಎರಡೂ ಕಡೆಯವರು ನೆಚ್ಚಿಕೊಂಡ ಹೆಸರನ್ನು ಅಲುಗಿಸುವುದಕ್ಕಿಂತ ತಪ್ಪು ಹೆಸರನ್ನು ಸಹಿಸುವುದೇ ಮೇಲೆಂದು ಅವರು ಬಗೆದರು. ಅದು ಸರಿಯಾದ ತೀರ್ಮಾನವೇ.

ಸೇವೆಯೊಂದನ್ನು ಬೇರೆ ಪ್ರಕ್ರಿಯೆಯಿಂದ ಕರೆಯಬೇಕಾದಲ್ಲಿ ಒಡಂಬಡಿಕೆಯನ್ನು ಎಐಡಿಎಲ್ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಅಲ್ಲಿ ‘ಪದ’ವು ಪಾರ್ಸೆಲಬಲ್ ಎಂದು ಘೋಷಿಸಿ, ವಸ್ತುವು ಒಳಗೆ ಹೋಗುವುದೋ, ಹೊರಗೆ ಬರುವುದೋ, ಎರಡೂ ಆಗುವುದೋ ಎಂಬುದನ್ನು ‘ಇನ್’, ‘ಔಟ್’, ‘ಇನ್‌ಔಟ್’ ಎಂಬ ಗುರುತಿನಿಂದ ತಿಳಿಸಬೇಕು. ಒಳಗೆ ಮಾತ್ರ ಹೋದ ವಸ್ತುವನ್ನು ಆಚೆಯವನು ತಿದ್ದಿದರೆ ಈಚೆಗೆ ಅದರ ಸುಳಿವು ಹತ್ತದು, ತಿದ್ದಿದ್ದು ಪ್ರತಿಯನ್ನು. ಕ್ರಿಯೆಗಳಿಗೂ ಸಾಮಾನ್ಯವಾಗಿ ಅವುಗಳ ಸರದಿಯಂತೆ ಸಂಖ್ಯೆ ಬೀಳುತ್ತದೆ. ಆದ್ದರಿಂದ ಹೊಸ ಕ್ರಿಯೆಯನ್ನು ಪಟ್ಟಿಯ ಕೊನೆಗೆ ಸೇರಿಸಬೇಕು, ನಡುವೆ ತುರುಕಬಾರದು.

ಪಾರ್ಸೆಲು ದಾಟಲಿಕ್ಕೆ, ಕೂಡಿಡಲಿಕ್ಕಲ್ಲ. ಅದರ ಒಳವಿನ್ಯಾಸ ಮುಂದಿನ ಆಂಡ್ರಾಯ್ಡ್ ಆವೃತ್ತಿಯಲ್ಲಿ ಬದಲಾಗಬಹುದಾದ್ದರಿಂದ ಆ ಬೈಟುಗಳನ್ನು ಕಡತವಾಗಿ ಉಳಿಸಬಾರದು. ನಿಘಂಟಿನ ಶಾಶ್ವತ ಪ್ರತಿಗೆ ದತ್ತಕೋಶವೋ ಸಾದಾ ಪಠ್ಯವೋ ಬೇಕು. ಗಾತ್ರಕ್ಕೂ ಮಿತಿಯುಂಟು. ಒಂದು ಪ್ರಕ್ರಿಯೆಯ ನಡೆಯುತ್ತಿರುವ ಎಲ್ಲ ಬೈಂಡರ್ ವ್ಯವಹಾರಗಳಿಗೂ ಸೇರಿ ಇರುವ ಜಾಗ ಸುಮಾರು 1 ಎಂಬಿ. ಉಚ್ಚಾರವನ್ನು ಸೆಕೆಂಡಿಗೆ 44,100 ಮಾದರಿಗಳಂತೆ, 16 ಬಿಟ್‌ಗಳಲ್ಲಿ, ಕುಗ್ಗಿಸದೆ ಧ್ವನಿಮುದ್ರಿಸಿದರೆ ಸೆಕೆಂಡಿಗೆ 88,200 ಬೈಟುಗಳಾಗುತ್ತವೆ. ಹನ್ನೆರಡು ಸೆಕೆಂಡಿಗೆ ಆ ಜಾಗ ಮುಗಿಯಿತು. ಅಜ್ಜಿಯ ಕಥೆ ಅಷ್ಟರಲ್ಲಿ ಆರಂಭವೂ ಆಗಿರುವುದಿಲ್ಲ. ಹಾಗಾಗಿ ಧ್ವನಿಯನ್ನು ಗಂಟಿನೊಳಗೆ ಹಾಕದೆ ಕಡತವನ್ನು ಅದರ ಜಾಗದಲ್ಲಿಯೇ ಬಿಟ್ಟು, ಅದರ ವಿಳಾಸವನ್ನೂ ಓದುವ ತಾತ್ಕಾಲಿಕ ಅನುಮತಿಯನ್ನೂ ‘ಪದ’ದೊಡನೆ ಕಳುಹಿಸುತ್ತಾರೆ.

ಅಭ್ಯಾಸ: ‘ತಾಳಮಲೆ’ಗೆ ಆರು ಸಂಕೇತ, ‘ತಾಳವಾಡಿ’ಗೆ ಏಳು. ಆದರೂ ಪಾರ್ಸೆಲಿನಲ್ಲಿ ಎರಡೂ 20 ಬೈಟುಗಳನ್ನೇ ಹಿಡಿಯುತ್ತವೆ. ಕಾರಣವನ್ನು ಬಿಡಿಸಿ ಬರೆಯಿರಿ.