ನಡನೋವು ವಾಸಿಯಾಯಿತೇ? ಅಳೆದು ನೋಡಿ

ಸಿರುಗುಪ್ಪದ ಕಾಲುವೆ ಬಯಲಿನಲ್ಲಿ ಭತ್ತದ ನಾಟಿ ಮುಗಿದ ಮೇಲೆ ಎಷ್ಟೋ ಹೆಣ್ಣುಮಕ್ಕಳ ನಡನೋವು ಇಳಿಯುತ್ತದೆ. ವಾಸಿಯಾಯಿತೆಂದು ಸುಮ್ಮನಾಗುತ್ತಾರೆ. ಕಳೆ ಕೀಳಲು ಬಗ್ಗಿದ ದಿನ ಮತ್ತೆ ಹಿಡಿದುಕೊಳ್ಳುತ್ತದೆ. ಕೆಲಸ ನಿಂತಿದ್ದರಿಂದ ನೋವು ನಿಂತಿತ್ತು, ಅಷ್ಟೇ. ಹಾಗಾಗಿ ನೋವಿನ ಜೊತೆ ಕೆಲಸವನ್ನೂ ಅಳೆಯಬೇಕು. ಅದಕ್ಕೊಂದು ನೋಟ್‌ಬುಕ್ ಸಾಕು.

ಹಂತ 1: ಅಪಾಯದ ಲಕ್ಷಣ ನೋಡಿ
ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದಿ, ಗುದದ ಸುತ್ತ ಜೋಮು ಹಿಡಿದರೆ, ಕಾಲು ಸೋತರೆ ಅಳತೆ ಬಿಡಿ. ಜನ ಇಂದಿಗೂ ವಿಮ್ಸ್ ಎನ್ನುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ ಕಡೆಗೆ ಅಂದೇ ಹೋಗಿ. ನೋವಿನ ಜೊತೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ವೈದ್ಯರಿಗೆ ತೋರಿಸಿ.

ಹಂತ 2: ಮೂರು ಕೆಲಸ ಆರಿಸಿ
ಇದೇ ಮುಖ್ಯ ಹಂತ, ಅವಸರ ಬೇಡ. ನೋವಿನಿಂದ ಕೆಟ್ಟಿರುವ, ನಿಮ್ಮ ಬದುಕಿಗೆ ಬೇಕೇಬೇಕಾದ ಮೂರು ಕೆಲಸ ಬರೆಯಿರಿ. ‘ದುಡಿಯಲು ಆಗುತ್ತಿಲ್ಲ’ ಎಂದರೆ ಸಾಲದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ‘ಊಟದ ಹೊತ್ತಿನವರೆಗೆ ಮಷೀನಿನ ಮುಂದೆ ಕೂರುವುದು’ ಎಂದು ಬರೆಯಲಿ. ಕುರುಗೋಡಿನ ಹಮಾಲರು ‘ಮೂಟೆ ಹೊತ್ತು ಲಾರಿಗೆ ಹಾಕುವುದು’ ಎನ್ನಲಿ. ಕೊಡ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದೂ ಕೆಲಸವೇ.

ಹಂತ 3: ಅಂಕ ಕೊಡಿ
ಒಂದೊಂದು ಕೆಲಸಕ್ಕೂ 0ರಿಂದ 10. ಮಾಡಲಾಗದಿದ್ದರೆ 0, ನೋವಿಗೆ ಮುಂಚಿನಂತೆ ಮಾಡಿದರೆ 10. ಫಿಸಿಯೋಥೆರಪಿಸ್ಟರು ಈ ಅಳತೆಯನ್ನು 1990ರ ದಶಕದಿಂದಲೂ ಬಳಸುತ್ತಿದ್ದಾರೆ. ನೋವಿಗೆ ಬೇರೆ ಅಂಕ: ಇಲ್ಲದಿದ್ದರೆ 0, ತಡೆಯಲಾಗದಷ್ಟಿದ್ದರೆ 10. ನುಂಗಿದ ಮಾತ್ರೆಯನ್ನೂ ಬರೆಯಿರಿ; ಮಾತ್ರೆಯಿಂದ ಇಳಿದ ನೋವನ್ನು ವಾಸಿ ಎಂದುಕೊಳ್ಳಬಾರದು. ಓದುಬರಹ ಬಾರದವರು ಮನೆಯ ಮಕ್ಕಳಿಂದ ಬರೆಸಲಿ.

ಹಂತ 4: ವಾರಕ್ಕೊಮ್ಮೆ, ಅದೇ ದಿನದಂದು
ಸಂತೆಯ ದಿನವಾದರೆ ಮರೆಯುವುದಿಲ್ಲ. ಒಂದಂಕದ ಏರಿಳಿತವನ್ನು ನಂಬಬೇಡಿ. ಮೂರು ಕೆಲಸದ ಸರಾಸರಿ 2 ಅಥವಾ ಹೆಚ್ಚು ಏರಿದರೆ, ನೋವು 2 ಇಳಿದರೆ, ಸುಧಾರಣೆ ನಿಜ. ಆ ವಾರ ಕೆಲಸವೇ ಇರದಿದ್ದರೆ ಅಂದಾಜಿನ ಅಂಕ ಹಾಕದೆ ‘ಮಾಡಿಲ್ಲ’ ಎಂದು ಬರೆಯಿರಿ.

ಹಂತ 5: ವಾಸಿ ಎನ್ನುವುದು ಯಾವಾಗ?
ಸಂಶೋಧಕರಲ್ಲೇ ಇದಕ್ಕೆ ಒಮ್ಮತವಿಲ್ಲ. 2002ರಲ್ಲಿ ಬಂದ ಒಂದು ಸಲಹೆಯಂತೆ, ಕನಿಷ್ಠ ಒಂದು ತಿಂಗಳು ನೋವಿಲ್ಲದೆ ಕಳೆದರೆ ಆ ಸಲದ ನೋವು ಮುಗಿದಂತೆ. ಮೈಮುರಿದು ದುಡಿಯುವವರಿಗೆ ನಾನು ಇನ್ನೊಂದು ಸೇರಿಸುತ್ತೇನೆ: ಆ ತಿಂಗಳು ಆ ಮೂರು ಕೆಲಸಗಳನ್ನೂ ಮಾಡಿರಬೇಕು. ಅಲ್ಪಸ್ವಲ್ಪ ನೋವು ಉಳಿದರೂ ಮೂರೂ ಮೊದಲಿನಂತೆ ಸಾಗುತ್ತಿದ್ದರೆ, ಅದನ್ನೂ ವಾಸಿಯೆಂದೇ ಎಣಿಸುತ್ತೇನೆ. ಆರು ವಾರವಾದರೂ ಅಂಕ ಕದಲದಿದ್ದರೆ ನೋಟ್‌ಬುಕ್ ಸಮೇತ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ.