ಅರ್ಧ ವಾಲ್ಯೂಮಿಗೆ ಪೂರ್ತಿ ಕೇಳಬೇಕು

ಪ್ರೀತಿಯ ಅಳಿಯನಿಗೆ,

ಸಾವಿರದೈನೂರು ರೂಪಾಯಿಯೊಳಗೆ ಒಳ್ಳೆಯ ಇಯರ್‌ಬಡ್ಸ್ ಯಾವುದುಂಟು ಎಂದು ಕೇಳಿದ್ದೀ. ಒಂದು ಹೆಸರು ಬರೆದು ಕಳಿಸಿದರೆ ನಿನ್ನ ಕೆಲಸ ಮುಗಿಯುತ್ತಿತ್ತು. ಆದರೆ ಹೆಸರು ಬರೆಯುವುದಿಲ್ಲ. ಈ ಬೆಲೆಯಲ್ಲಿ ಮಾಡೆಲ್‌ಗಳು ಎಷ್ಟು ಬೇಗ ಬದಲಾಗುತ್ತವೆ ಎಂದರೆ, ನಾನು ಹೇಳಿದ್ದು ನೀನು ಅಂಗಡಿಗೆ ಹೋಗುವಷ್ಟರಲ್ಲಿ ಸಿಗದೆ ಇರಬಹುದು. ಪರೀಕ್ಷೆ ಮಾಡುವ ಕ್ರಮ ಹೇಳಿಕೊಡುತ್ತೇನೆ, ಅದು ಮುಂದಿನ ಸಲಕ್ಕೂ ಆಗುತ್ತದೆ. ವಾಮದಪದವಿನ ಕಾಲೇಜಿನಲ್ಲಿ ನಿನ್ನ ಜೊತೆ ಓದುವ ಮಕ್ಕಳಿಗೂ ಇದನ್ನು ಓದಲು ಕೊಡು. ಅವರೂ ಇದೇ ಪ್ರಶ್ನೆ ಕೇಳುವ ಪ್ರಾಯದವರೇ.

ಯಕ್ಷಗಾನದ ಆಟಕ್ಕೆ, ಮದುವೆಗೆ ಮೈಕ್ ಕಟ್ಟಿಯೇ ನನ್ನ ಆಯುಷ್ಯ ಕಳೆದದ್ದು ನಿನಗೆ ಗೊತ್ತು. ಹಿಂದಿನ ಸಾಲಿನಲ್ಲಿ ಕೂತವನಿಗೆ ಅರ್ಥದ ಒಂದೊಂದು ಮಾತೂ ಬಿಡಿಯಾಗಿ ಕೇಳಬೇಕು, ಮುಂದೆ ಕೂತವನ ಕಿವಿ ನೋಯಬಾರದು. ಮೈಕಿನವನ ಕೆಲಸವೆಲ್ಲ ಇಷ್ಟರಲ್ಲೇ ಉಂಟು. ಬಡ್ಸ್‌ಗೂ ನಾನು ಇಡುವ ಅಳತೆ ಅದೇ. ನೀನು ದಿನಾ ಇರುವ ಜಾಗಗಳಲ್ಲಿ, ವಾಲ್ಯೂಮ್ ಅರ್ಧಕ್ಕಿಟ್ಟಾಗ ಮಾತೂ ಹಾಡೂ ಪೂರ್ತಿ ತಿಳಿಯಬೇಕು. ತಿಳಿದರೆ ಸಾವಿರದ್ದೂ ಒಳ್ಳೆಯದು. ತಿಳಿಯದಿದ್ದರೆ ಹತ್ತು ಸಾವಿರದ್ದೂ ಬೇಡ.

ಆಪಲ್ ಕಂಪೆನಿ 2016ರಲ್ಲಿ ಏರ್‌ಪಾಡ್ಸ್ ತಂದಾಗ ನಮ್ಮ ದೇಶದಲ್ಲಿ ಅದರ ಬೆಲೆ 15,400 ರೂಪಾಯಿ ಇತ್ತು. ನಮ್ಮವರದೇ ಆದ ಬೋಟ್ ಬ್ರ್ಯಾಂಡ್ ಶುರುವಾದದ್ದೂ ಅದೇ ವರ್ಷ. ಈಗ ಬೋಟ್, ನಾಯ್ಸ್, ರಿಯಲ್‌ಮಿ, ರೆಡ್‌ಮಿ ಎಂದು ಎಲ್ಲರ ಬಡ್ಸ್‌ಗಳೂ ಸಾವಿರದಿಂದ ಎರಡು ಸಾವಿರದೊಳಗೆ ಸಿಗುತ್ತವೆ. ಈ ಅಗ್ಗದ ಬಡ್ಸ್‌ಗಳ ಒಳಗಿನ ಚಿಪ್ ಹೆಚ್ಚಾಗಿ ಚೀನಾದ ಕೆಲವೇ ಕಂಪೆನಿಗಳದ್ದು. ಹಾಗಾಗಿ ಹೆಸರು ಬೇರೆ ಬೇರೆಯಾದರೂ ಒಳಗಿನ ಸಾಮಾನು ಬಹಳ ಬೇರೆಯಿರುವುದಿಲ್ಲ. ಬೇರೆಯಾಗುವುದು ಮೂರರಲ್ಲಿ: ಧ್ವನಿಯನ್ನು ಹದ ಮಾಡಿದ ರೀತಿ, ಮೈಕ್ ಇಟ್ಟ ಜಾಗ, ಕಿವಿಯಲ್ಲಿ ಕೂರುವ ಆಕಾರ. ಈ ಮೂರನ್ನೂ ಡಬ್ಬಿಯ ಮೇಲೆ ಅಂಕೆಯಲ್ಲಿ ಬರೆಯಲು ಬರುವುದಿಲ್ಲ.

ಬರೆದ ಅಂಕೆಗಳನ್ನು ಬೇಗ ನೋಡಿ ಮುಗಿಸೋಣ. ಧ್ವನಿ ಹೊರಡಿಸುವ ಡ್ರೈವರ್ 13 ಮಿಲಿಮೀಟರಿನದು ಎಂದರೆ 10 ಮಿಲಿಮೀಟರಿನದಕ್ಕಿಂತ ಚೆನ್ನಾಗಿ ಕೇಳುತ್ತದೆ ಎಂದೇನೂ ಇಲ್ಲ. 40 ಗಂಟೆ, 50 ಗಂಟೆ ಎಂದು ದೊಡ್ಡದಾಗಿ ಬರೆದದ್ದು ಕೇಸಿನ ಚಾರ್ಜನ್ನೂ ಕೂಡಿಸಿದ ಲೆಕ್ಕ. ಒಮ್ಮೆ ಕಿವಿಗಿಟ್ಟರೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ, ಅದನ್ನು ಹುಡುಕು. ಅದನ್ನೂ ಸಾಮಾನ್ಯವಾಗಿ ಅರ್ಧದಷ್ಟು ವಾಲ್ಯೂಮಿನಲ್ಲಿ, ಹೊರಗಿನ ಸದ್ದು ಅಳಿಸುವ ಎಎನ್‌ಸಿ ಬಂದ್ ಮಾಡಿ ಅಳೆದಿರುತ್ತಾರೆ. ಆದರೂ ನಮ್ಮ ಕಡೆ ಕೇಸಿನ ಸಂಗ್ರಹಕ್ಕೆ ಬೆಲೆ ಉಂಟು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ. ಗೇಮಿಂಗ್ ಮೋಡ್, ಧ್ವನಿ ತಡವಾಗುವುದು ಇಷ್ಟೇ ಮಿಲಿಸೆಕೆಂಡ್ ಎಂಬುದೆಲ್ಲ ಆಟ ಆಡುವವರಿಗೆ ಬೇಕಾದದ್ದು. ಕ್ಲಾಸಿನ ವಿಡಿಯೊ ನೋಡುವಾಗ ಫೋನು ತಾನೇ ಚಿತ್ರವನ್ನು ತುಸು ತಡೆದು ಧ್ವನಿಗೆ ಹೊಂದಿಸುತ್ತದೆ.

ಮೊದಲು ನೋಡಬೇಕಾದದ್ದು ಕಿವಿಯಲ್ಲಿ ಕೂರುವುದನ್ನು. ಡಬ್ಬಿಯಲ್ಲಿ ಮೂರು ಅಳತೆಯ ಸಿಲಿಕೋನ್ ಟಿಪ್ ಕೊಟ್ಟಿರುತ್ತಾರೆ, ಮಧ್ಯದ್ದನ್ನು ಹಾಕಿಯೇ ಕೊಡುತ್ತಾರೆ. ಉಳಿದ ಎರಡು ಜೊತೆಯ ಪ್ಲಾಸ್ಟಿಕ್ ಚೀಲವನ್ನು ಒಡೆಯದೆ ಎಸೆಯುವವರೇ ಜಾಸ್ತಿ. ನೀನು ಮೂರನ್ನೂ ಹಾಕಿ ನೋಡು. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಬೇಕಾಗುವುದೂ ಉಂಟು. ಟಿಪ್ ಸರಿಯಾಗಿ ಮುಚ್ಚದಿದ್ದರೆ ಮೊದಲು ಸೋರಿಹೋಗುವುದು ತಗ್ಗಿನ ಧ್ವನಿ. ಆಗ ‘ಬೇಸ್ ಇಲ್ಲ’ ಎಂದು ವಾಲ್ಯೂಮ್ ಏರಿಸುತ್ತಾರೆ. ಹೊರಗಿನ ಗಲಾಟೆಯೂ ಒಳಗೆ ನುಗ್ಗುತ್ತದೆ, ಮತ್ತೆ ಏರಿಸುತ್ತಾರೆ. ತೊಂದರೆ ಐದು ಪೈಸೆಯ ರಬ್ಬರಿನಲ್ಲಿ, ದಂಡ ಕಟ್ಟುವುದು ಕಿವಿ. ಹಾಕಿಕೊಂಡು ಜೋರಾಗಿ ಮಾತಾಡು, ನೆಲಗಡಲೆ ಜಗಿ, ತೋಟದಲ್ಲಿ ಅಡಿಕೆ ಹೆಕ್ಕುವ ಹಾಗೆ ಬಗ್ಗಿ ಏಳು. ಸಡಿಲಾದರೆ ಆ ಆಕಾರ ನಿನ್ನ ಕಿವಿಗೆ ಆಗುವುದಿಲ್ಲ. ಟಿಪ್ ಇಲ್ಲದ, ಕಿವಿಯ ಬಾಯಲ್ಲಿ ಸುಮ್ಮನೆ ಕೂರುವ ಜಾತಿಯವೂ ಉಂಟು. ಮನೆಯಲ್ಲಿ ಕೇಳುವವರಿಗೆ ಅವು ಹಿತ, ಅಮ್ಮ ಕರೆದದ್ದೂ ಕೇಳುತ್ತದೆ. ಬಸ್ಸಿನಲ್ಲಿ ಹೋಗುವವನಿಗೆ ನಾನು ಅವನ್ನು ಹೇಳುವುದಿಲ್ಲ.

ಬಸ್ಸಿನ ಮಾತು ಬಂತಲ್ಲ, ನಿನಗೆ ಅತಿ ಮುಖ್ಯವಾದದ್ದು ಅದೇ. ಈಗೇನೋ ಕಾಲೇಜು ಹತ್ತಿರ. ಡಿಗ್ರಿ ಮುಗಿದ ಮೇಲೆ ಬಂಟ್ವಾಳ, ಬಿ.ಸಿ.ರೋಡ್ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವನು ನೀನು. ಬಸ್ಸಿನ ಇಂಜಿನ್ನಿನದು ತಗ್ಗಿನ, ಒಂದೇ ಸಮನೆ ಬರುವ ಗುಡುಗಾಟ. ಎಎನ್‌ಸಿ ಎಂಬುದು ಕೆಲಸ ಮಾಡುವುದು ಇಂಥ ಸದ್ದಿನ ಮೇಲೇ. ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆ ಬಿಟ್ಟು ಅಳಿಸುತ್ತದೆ. ಹಾರ್ನು, ಕಂಡಕ್ಟರನ ಸೀಟಿ, ಪಕ್ಕದ ಸೀಟಿನ ಮಾತು ಅದರಿಂದ ಹೋಗುವುದಿಲ್ಲ, ಅವನ್ನು ತಗ್ಗಿಸುವುದು ಆ ರಬ್ಬರ್ ಟಿಪ್. ಡಬ್ಬಿಯ ಮೇಲೆ 32 ಡೆಸಿಬಲ್ ಎಂದು ಬರೆದಿದ್ದರೆ ಅದು ಯಾವುದೋ ಒಂದು ಕಂಪನದಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕೆ ಎಂದು ತಿಳಿ. ಇನ್ನೊಂದು ಎಚ್ಚರಿಕೆ: ಇಎನ್‌ಸಿ ಎಂದು ಬರೆದದ್ದನ್ನು ಎಎನ್‌ಸಿ ಎಂದುಕೊಂಡು ದುಡ್ಡು ಕೊಡಬೇಡ. ಇಎನ್‌ಸಿ ಇರುವುದು ಫೋನಿನಲ್ಲಿ ಆಚೆಯಿಂದ ಕೇಳುವವರಿಗಾಗಿ. ಅದರಿಂದ ನಿನ್ನ ಕಿವಿಗೆ ಬರುವ ಸದ್ದು ಚೂರೂ ಕಮ್ಮಿಯಾಗುವುದಿಲ್ಲ.

ಅರ್ಧ ವಾಲ್ಯೂಮ್ ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಈ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿದ ಮಿತಿ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. ಮೂರು ಡೆಸಿಬಲ್ ಏರಿದರೆ ಧ್ವನಿಯ ಶಕ್ತಿ ಇಮ್ಮಡಿ, ಕೇಳಬಹುದಾದ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ನಾಳೆ ನೀನು ಮಂಗಳೂರಿಗೆ ಹೋಗಿ ಬರುವಾಗ ದಿನಕ್ಕೆ ಎರಡೂವರೆ ಗಂಟೆ ಕೇಳಿದರೆ ವಾರದ ಆರು ದಿನಕ್ಕೆ 15 ಗಂಟೆ ಆಯಿತು. ಇಂಜಿನ್ನಿನ ಸದ್ದು ಮೀರಿಸಲು 86ಕ್ಕೆ ಏರಿಸಿಕೊಂಡೆಯೋ, ವಾರದ ಪಾಲು ಗುರುವಾರಕ್ಕೇ ಮುಗಿಯುತ್ತದೆ. ಒಂದು ಕಿವಿಯ ಒಳಗೆ ಇರುವುದು ಸುಮಾರು 16,000 ಕೂದಲಕೋಶ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಗಲಾಟೆಯಿಂದ ಕಿವಿ ಹಾಳಾಗುವಾಗ ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಜ್‌ನ ಆಸುಪಾಸಿಗೆ. ಸ, ಶ, ತ, ಕ ಇವೆಲ್ಲ ಸ್ಪಷ್ಟವಾಗಿ ಬೇರೆ ಬೇರೆಯಾಗಿ ಕೇಳುವುದು ಆ ಎತ್ತರದ ಧ್ವನಿಗಳಿಂದ. ಅದಕ್ಕೇ ಕಿವಿ ಹೋಗುತ್ತಿರುವವರು ‘ಕೇಳುತ್ತದೆ, ಆದರೆ ಏನು ಹೇಳಿದ್ದೆಂದು ತಿಳಿಯುವುದಿಲ್ಲ’ ಎನ್ನುವುದು. ಜನರೇಟರ್, ಸ್ಪೀಕರುಗಳ ನಡುವೆ ಬಾಳಿದ ನನ್ನ ಜೊತೆಗಾರರಲ್ಲಿ ಆ ಮಾತು ಬಹಳ ಕೇಳಿದ್ದೇನೆ. ನಿನಗೆ ಅದು ಬರಬಾರದು. ಕೇಳಿ ಎದ್ದ ಮೇಲೆ ಕಿವಿಯಲ್ಲಿ ಗುಂಯ್ ಎಂದರೆ ಆ ದಿನಕ್ಕೆ ಅಷ್ಟು ಸಾಕು. ಮರುದಿನವೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸು.

ಇನ್ನು ಧ್ವನಿಯ ಪರೀಕ್ಷೆ. ಪೇಟೆಯವರು ಯಾವುದೋ ಇಂಗ್ಲಿಷ್ ಹಾಡು ಹಾಕಿ ಬೇಸ್ ಗುದ್ದುತ್ತದೋ ನೋಡುತ್ತಾರೆ. ನಮಗೆ ಅದಕ್ಕಿಂತ ಕಠಿಣ ಪರೀಕ್ಷೆ ಮನೆ ಬಾಗಿಲಲ್ಲೇ ಉಂಟು. ಮೂಡುಬಿದಿರೆ ಹತ್ತಿರ ಮಾರೂರಿನಲ್ಲಿದ್ದ ಯಕ್ಷಗಾನದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು, ಧ್ವನಿಮುದ್ರಣಗಳು ಬೇಕಾದಷ್ಟು ಉಳಿದಿವೆ. ಅವರ ಏರು ಶ್ರುತಿಯ ಒಂದು ಪದ ಹಾಕು. ತೆಂಕುತಿಟ್ಟಿನ ಚೆಂಡೆ ಸೇರುವ ತನಕ ಎಲ್ಲ ಬಡ್ಸೂ ಚೆನ್ನಾಗಿಯೇ ಕೇಳುತ್ತವೆ. ಚೆಂಡೆ ಬಿದ್ದ ಮೇಲೆ ನೋಡು. ಪದದ ಸಾಹಿತ್ಯ ಆಗಲೂ ತಿಳಿಯುತ್ತದೋ, ಮದ್ದಳೆ ಚೆಂಡೆಯಿಂದ ಬೇರೆಯಾಗಿ ನಿಲ್ಲುತ್ತದೋ, ಜಾಗಟೆಯ ಸದ್ದು ಕಿವಿಗೆ ಚುಚ್ಚುತ್ತದೋ. ಬೇಸ್ ಕೃತಕವಾಗಿ ಉಬ್ಬಿಸಿದ ಬಡ್ಸ್‌ನಲ್ಲಿ ಮದ್ದಳೆ ಡಬ್ಬದ ಹಾಗಾಗಿ ಭಾಗವತರ ದನಿಯ ಮೇಲೆ ಕೂರುತ್ತದೆ. ಮೇಲಿನ ಧ್ವನಿ ಅತಿಯಾಗಿ ಎತ್ತಿದ್ದರಲ್ಲಿ ಹತ್ತು ನಿಮಿಷಕ್ಕೇ ತಲೆ ಸಿಡಿಯುತ್ತದೆ. ಮುದ್ರಣವೇ ಹಳತು, ಕರಕರ ಎನ್ನುವಂಥದ್ದು ಇರಬಹುದು, ಹಾಗಾಗಿ ಒಂದೇ ಪದವನ್ನು ಮೊದಲು ಗೆಳೆಯರ ಒಳ್ಳೆಯ ತಂತಿಯ ಇಯರ್‌ಫೋನಿನಲ್ಲಿ ಕೇಳಿ, ಆಮೇಲೆ ಹೋಲಿಸು.

ಎರಡನೆಯದು ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್. ನಮ್ಮ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿ, ನಾಗಸ್ವರದ ಮನೆಯಿಂದ ಬಂದು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಉತ್ಸವದಲ್ಲಿ ನುಡಿಸಿದವರು. ಕಚೇರಿಯ ಆಲಾಪನೆಯ ಭಾಗ ಹಾಕು. ಗಮಕದಲ್ಲಿ ಒಂದು ಸ್ವರ ಇನ್ನೊಂದಕ್ಕೆ ಜಾರುವುದು ನುಣ್ಣಗೆ ಕೇಳಬೇಕು, ಉಸಿರು ಎಳೆದುಕೊಂಡದ್ದೂ ತಿಳಿಯಬೇಕು. ಸ್ಯಾಕ್ಸೋಫೋನಿನ ಜೀವ ಇರುವುದು ಮಧ್ಯದ ಧ್ವನಿಯಲ್ಲಿ. ಮನುಷ್ಯನ ಮಾತು ಇರುವುದೂ ಅಲ್ಲೇ. ಅಗ್ಗದ ಬಡ್ಸ್‌ಗಳಲ್ಲಿ ಮೊದಲು ಬರಿದಾಗುವುದೂ ಅದೇ. ಇದರಲ್ಲಿ ಪಾಸಾದ ಬಡ್ಸ್‌ನಲ್ಲಿ ನಿನ್ನ ಮೇಷ್ಟ್ರ ಪಾಠವೂ ತಿಳಿಯುತ್ತದೆ. ಕೊನೆಗೆ ಒಂದು ಕನ್ನಡ ಭಾಷಣ ಕೇಳು. ಪ್ರತಿ ಸಕಾರಕ್ಕೂ ಸುಯ್ ಎಂದರೆ ಬಿಟ್ಟುಬಿಡು.

ಮಳೆಯ ವಿಷಯ. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಎರಚಿದ ನೀರನ್ನು ತಡೆಯುತ್ತದೆ, ಅಷ್ಟೇ. ಐಪಿಎಕ್ಸ್5 ಪೈಪಿನ ನೀರು ತಡೆದೀತು. ಎಕ್ಸ್ ಎಂಬ ಜಾಗದಲ್ಲಿ ಇರಬೇಕಾದದ್ದು ಧೂಳಿನ ಅಂಕೆ, ಅದನ್ನು ಪರೀಕ್ಷಿಸಿಲ್ಲ ಎಂದರ್ಥ. ಈ ರಕ್ಷಣೆ ಬಡ್ಸ್‌ಗೆ ಮಾತ್ರ, ಕೇಸಿಗೆ ಹೆಚ್ಚಾಗಿ ಇರುವುದಿಲ್ಲ. ಬೆವರಿದ ಬಡ್ಸನ್ನು ಹಾಗೇ ಕೇಸಿಗೆ ಹಾಕಿದರೆ ಉಪ್ಪುನೀರಿಗೆ ಕರೆಂಟು ಸೇರಿ ಚಾರ್ಜಿಂಗ್ ಪಿನ್ನು ತುಕ್ಕು ಹಿಡಿಯುತ್ತದೆ. ಒಣ ಬೈರಾಸಿನ ಮೂಲೆಯಲ್ಲಿ ಒರೆಸಿ ಹಾಕು. ಮಿಂದು ಬಂದ ಕೂಡಲೇ ಒದ್ದೆ ಕಿವಿಗೂ ಇಡಬೇಡ. ನಮ್ಮ ಕರಾವಳಿಯ ಸೆಕೆಗೆ ಕಿವಿಯೊಳಗೆ ಶಿಲೀಂಧ್ರ ಬೆಳೆಯಲು ಅಷ್ಟು ಸಾಕು. ಅದೇ ಕಾರಣಕ್ಕೆ ಒಬ್ಬರದ್ದನ್ನು ಇನ್ನೊಬ್ಬರು ಹಾಕಿಕೊಳ್ಳುವಾಗ ಟಿಪ್ ಬದಲಿಸಿ ಹಾಕಿಕೊಳ್ಳಿ. ಹಾರ್ನು ಕೇಳಬೇಕಾದ ಕಡೆ, ರಸ್ತೆಯಲ್ಲಿ ನಡೆಯುವಾಗ, ಬೈಕಿನಲ್ಲಿ, ಬಡ್ಸ್ ಎರಡನ್ನೂ ಕೇಸಿನಲ್ಲಿಡು.

ಮನೆಯಲ್ಲಿರುವ ಹಳೆಯ ತಂತಿಯ ಇಯರ್‌ಫೋನನ್ನು ಬಿಸಾಡಬೇಡ. ಫೋನಿನ ಎಫ್‌ಎಂ ರೇಡಿಯೊಗೆ ಆ ತಂತಿಯೇ ಆಂಟೆನಾ. ಬ್ಲೂಟೂತಿನ ಬಡ್ಸ್‌ನಿಂದ ಆ ಕೆಲಸ ಆಗುವುದಿಲ್ಲ. ಬೀಡಿ ಕಟ್ಟುತ್ತ ಮಂಗಳೂರು ಆಕಾಶವಾಣಿ ಕೇಳುವ ನಿನ್ನ ಅಮ್ಮನಿಗೆ ಅದನ್ನು ಚುಚ್ಚಿ ಸ್ಪೀಕರಿನಲ್ಲಿ ಹಾಕಿಕೊಡು. ನೆಟ್‌ವರ್ಕು ಹೋದ ದಿನವೂ ಅದು ಹಾಡುತ್ತದೆ.

ತೆಗೆದುಕೊಳ್ಳುವಾಗ 4,990 ಹೊಡೆದುಹಾಕಿ 1,299 ಎಂದು ಬರೆದದ್ದನ್ನು ಕಂಡು ಸುಮಾರು ಮೂರು ಸಾವಿರದೇಳುನೂರು ಉಳಿಯಿತು ಎಂದು ತಿಳಿಯಬೇಡ. ಹಬ್ಬವಿರಲಿ ಇಲ್ಲದಿರಲಿ, ಅದನ್ನು ಮಾರುವುದು ಆ ಕೆಳಗಿನ ಬೆಲೆಯ ಆಸುಪಾಸಿಗೇ. ರಿವ್ಯೂ ಓದುವಾಗ ಐದು ಸ್ಟಾರಿನದ್ದು ಬಿಡು, ಎರಡು ಮೂರು ಸ್ಟಾರಿನದ್ದು ಓದು. ಆರು ತಿಂಗಳಾದ ಮೇಲೆ ಬರೆದದ್ದಿದ್ದರೆ ಇನ್ನೂ ಒಳ್ಳೆಯದು. ಒಂದು ಕಡೆಯದ್ದು ಕೇಳುವುದಿಲ್ಲ, ಚಾರ್ಜ್ ಹಿಡಿಯುವುದಿಲ್ಲ ಎಂಬ ದೂರು ಪದೇ ಪದೇ ಕಂಡರೆ ಆ ಮಾಡೆಲ್ ಬೇಡ. ಡಬ್ಬಿಯ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನಂಬರು ಉಂಟೋ ನೋಡಿ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕು. ಯಾರ ಹೆಸರಿಗೆ ನೋಂದಣಿಯಾಗಿದೆ ಎಂದು ಅದು ತೋರಿಸುತ್ತದೆ. ಜಾತ್ರೆಯ ಸಂತೆಯಲ್ಲಿ ಮುನ್ನೂರಕ್ಕೆ ಸಿಗುವ ದೊಡ್ಡ ಹೆಸರಿನ ನಕಲುಗಳು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತವೆ. ಬಿಲ್ಲಿನ ಫೋಟೊ ತೆಗೆದಿಡು. ವಾರಂಟಿಗೆ ನಮ್ಮ ಪಿನ್‌ಕೋಡಿನ ಮನೆಯಿಂದ ಕೊರಿಯರಿನವರು ಬಂದು ಒಯ್ಯುತ್ತಾರೋ, ನೀನೇ ಮಂಗಳೂರಿಗೆ ಹೋಗಬೇಕೋ ಎಂದು ಮೊದಲೇ ನೋಡು. ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಾಗೆಂದು ಇದನ್ನು ಹತ್ತು ವರ್ಷದ ಆಸ್ತಿ ಎಂದುಕೊಳ್ಳಬೇಡ. ಒಳಗಿನ ಬ್ಯಾಟರಿ ಬೆರಳ ತುದಿಯಷ್ಟು, ಬದಲಿಸಲು ಬರುವುದಿಲ್ಲ. ಎರಡು ಮೂರು ವರ್ಷಕ್ಕೆ ಸೋತೇ ಸೋಲುತ್ತದೆ. ಅದಕ್ಕೇ ನಿನ್ನ ಬಜೆಟ್ಟನ್ನು ನಾನು ಏರಿಸಲು ಹೇಳದೆ ಇರುವುದು.

ಆನ್‌ಲೈನಿನಲ್ಲಿ ವಾಪಸು ಕೊಡುವ ಅವಧಿ ಹೆಚ್ಚಾಗಿ ಏಳು ದಿನ, ಅದೂ ಕೆಲವು ಕಡೆ ಹಣ ಕೊಡದೆ ಅದೇ ಮಾಡೆಲನ್ನು ಬದಲಿಸಿ ಕೊಡುತ್ತಾರೆ. ಶರತ್ತು ಓದಿ ದುಡ್ಡು ಕಟ್ಟು. ಬಂದ ದಿನವೇ ಪರೀಕ್ಷೆ ಶುರು ಮಾಡು. ಮೇಲೆ ಹೇಳಿದ್ದನ್ನೆಲ್ಲ ನೀನೊಬ್ಬನೇ ಮಾಡಬಹುದು, ಒಂದನ್ನು ಬಿಟ್ಟು. ನಿನ್ನ ಮೈಕ್ ಹೇಗುಂಟು ಎಂಬುದನ್ನು ಆಚೆ ಕಡೆಯವರೇ ಹೇಳಬೇಕು. ಕೆಲಸದ ಸಂದರ್ಶನವನ್ನು ಫೋನಿನಲ್ಲೇ ಮಾಡುವ ಕಾಲ ಇದು, ಆಚೆಯವರಿಗೆ ನಿನ್ನ ಮಾತು ಸರಿಯಾಗಿ ಕೇಳದಿದ್ದರೆ ನಷ್ಟ ನಿನಗೆ. ಬಿ.ಸಿ.ರೋಡಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಬಸ್ಸು ಹೊರಟ ಮೇಲೆ ನನಗೆ ಫೋನ್ ಮಾಡು. ಮೊದಲು ಬಡ್ಸ್ ಹಾಕಿ ಮಾತಾಡು, ಆಮೇಲೆ ತೆಗೆದು ಫೋನಿನಲ್ಲೇ ಅದೇ ಮಾತು ಹೇಳು. ಎರಡರಲ್ಲಿ ಯಾವುದು ಚೆನ್ನಾಗಿ ಕೇಳಿತೆಂದು ಆಗಲೇ ಹೇಳುತ್ತೇನೆ. ಬುಧವಾರ ಮಧ್ಯಾಹ್ನದ ಮೇಲೆ ಮಾಡು, ಮನೆಯಲ್ಲೇ ಇರುತ್ತೇನೆ.

ಇತಿ,
ನಿನ್ನ ಮಾವ