ಕೋಗಿಲೆಯ ದಾರಿ ಉಪಗ್ರಹಕ್ಕೆ ತಿಳಿಯುವುದು ಹೇಗೆ?

ಪ್ರಶ್ನೆ: ಬ್ರಿಟನ್ನಿನ ಕೋಗಿಲೆ ಆಫ್ರಿಕಾಕ್ಕೆ ಹೋಗಿಬರುವುದನ್ನು ಉಪಗ್ರಹದಿಂದ ಹಿಂಬಾಲಿಸುತ್ತಾರಂತೆ. ಅಷ್ಟು ಚಿಕ್ಕ ಹಕ್ಕಿ ಎಲ್ಲಿದೆಯೆಂದು ಗೊತ್ತಾಗುವುದು ಹೇಗೆ? ನಮ್ಮ ಬೀದಿಯ ಮಾವಿನ ಮರದಲ್ಲಿ ಕೂಗುವ ಕೋಗಿಲೆಯೂ ಹಾಗೆ ವಲಸೆ ಹೋಗುತ್ತದೆಯೇ?
— ಓದುಗರು, ಹೊರಮಾವು, ಬೆಂಗಳೂರು

ಉತ್ತರ: ನಿಮ್ಮ ಬೀದಿಯ ಕೋಗಿಲೆ ಖಂಡ ದಾಟುವುದಿಲ್ಲ. ಚಳಿಗಾಲದಲ್ಲಿ ಅದರ ಕೂಗು ನಿಂತಾಗ ಊರು ಬಿಟ್ಟಂತೆ ತೋರುತ್ತದೆ, ಅಷ್ಟೇ. ಆಲ, ಅತ್ತಿಗಳ ಹಣ್ಣು ತಿಂದುಕೊಂಡು ಇಲ್ಲೇ ಇರುತ್ತದೆ, ಮೊಟ್ಟೆಯಿಡಲು ಕಾಗೆಯ ಗೂಡು ಹುಡುಕುತ್ತದೆ. ಬ್ರಿಟನ್ನಿನದು ಅದೇ ಕುಟುಂಬದ ಬೇರೆ ಹಕ್ಕಿ. ಬೂದು ಬೆನ್ನು, ಬಿಳಿ ಹೊಟ್ಟೆಯ ಮೇಲೆ ಕಪ್ಪು ಅಡ್ಡಗೆರೆ, ನೂರು ಗ್ರಾಂ ಆಸುಪಾಸು ತೂಕ.

2011ರಲ್ಲಿ ಬ್ರಿಟಿಷ್ ಪಕ್ಷಿವಿಜ್ಞಾನ ಟ್ರಸ್ಟ್ ಇಂಥ ಐದು ಗಂಡು ಹಕ್ಕಿಗಳ ಬೆನ್ನಿಗೆ ತಲಾ 5 ಗ್ರಾಂನ ಟ್ಯಾಗ್ ಕಟ್ಟಿತು. ಬಿಸಿಲಿನಿಂದ ಚಾರ್ಜ್ ಆಗುವ ಈ ಟ್ಯಾಗ್ 10 ಗಂಟೆ ಸಂಕೇತ ಕಳಿಸಿ, 48 ಗಂಟೆ ವಿರಮಿಸುತ್ತದೆ. ಹಕ್ಕಿ ಎಲ್ಲಿದೆಯೆಂಬುದು ಆ ಸಂಕೇತದ ಏರಿಳಿತದಲ್ಲೇ ಇರುತ್ತದೆ. ಹೊರಮಾವಿನ ರೈಲ್ವೆ ಗೇಟಿನ ಬಳಿ ನಿಂತವರಿಗೆ ರೈಲು ಹತ್ತಿರ ಬರುವಾಗ ಹಾರ್ನ್ ಏರಿದಂತೆಯೂ ದಾಟಿದ ಮೇಲೆ ಇಳಿದಂತೆಯೂ ಕೇಳುತ್ತದಲ್ಲ, ಹಾಗೆಯೇ ಮೇಲೆ ಧಾವಿಸುವ ಉಪಗ್ರಹಕ್ಕೆ ಟ್ಯಾಗಿನ ಆವರ್ತನ ಬದಲಾಗುತ್ತ ಹೋಗುತ್ತದೆ. ಆ ಬದಲಾವಣೆಯಿಂದ ಹಕ್ಕಿಯ ಸ್ಥಳವನ್ನು ಲೆಕ್ಕ ಹಾಕುತ್ತಾರೆ. ಈ ಡಾಪ್ಲರ್ ವಿಧಾನವನ್ನು ಬಳಸುವ ವ್ಯವಸ್ಥೆಯ ಹೆಸರು ಆರ್ಗೋಸ್.

ಇದರಲ್ಲಿ ನಿಮ್ಮ ಕಡೆಯವರ ಪಾಲೂ ಇದೆ. ಆರ್ಗೋಸ್ ಉಪಕರಣ ಹೊತ್ತ ಉಪಗ್ರಹಗಳಲ್ಲಿ ಒಂದು, ಭಾರತ ಮತ್ತು ಫ್ರಾನ್ಸ್ ಸೇರಿ ಮಾಡಿದ ಸರಳ್. 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಹಾರಿದ ಅದು ಸಿದ್ಧವಾದದ್ದು ವಿಮಾನಪುರದ ಇಸ್ರೋ ಉಪಗ್ರಹ ಕೇಂದ್ರದಲ್ಲಿ, ಇಂದಿನ ಯು. ಆರ್. ರಾವ್ ಕೇಂದ್ರದಲ್ಲಿ. ಕಡಲಾಮೆಯಿಂದ ಹಕ್ಕಿಯವರೆಗೆ ಜೀವಿಗಳ ಸದ್ದಿಲ್ಲದ ಓಡಾಟವನ್ನು ಆಲಿಸುವ ಒಂದು ಕಿವಿ ಬೆಂಗಳೂರಿನ ಪೂರ್ವದಲ್ಲಿ ರೂಪುಗೊಂಡಿತೆಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಬ್ರಿಟನ್ನಿನಲ್ಲಿ ಕೋಗಿಲೆಗಳ ಸಂಖ್ಯೆ 1980ರ ದಶಕದಿಂದೀಚೆಗೆ ಅರ್ಧಕ್ಕೂ ಹೆಚ್ಚು ಕುಸಿದಿತ್ತು. ಟ್ಯಾಗ್ ಕಟ್ಟಿ ಕಾರಣ ಹುಡುಕಲು ಹೊರಟವರಿಗೆ ಮೊದಲು ಕಂಡದ್ದು, ಗಂಡುಗಳು ಜೂನ್ ತಿಂಗಳಲ್ಲೇ ಬ್ರಿಟನ್ ಬಿಟ್ಟು, ಸಹಾರಾ ದಾಟಿ ಕಾಂಗೋ ಜಲಾನಯನದ ಕಾಡು ಸೇರುತ್ತವೆಂಬುದು. ದಾರಿಗಳು ಎರಡು, ಇಟಲಿಯ ಕಡೆಯದು ಮತ್ತು ಸ್ಪೇನಿನದು. ಸ್ಪೇನಿನ ದಾರಿ ಹತ್ತಿರ, ಆದರೆ ಅಲ್ಲಿ ಹೆಚ್ಚು ಹಕ್ಕಿಗಳು ಸಾಯುತ್ತಿದ್ದವು. 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಗೂಡಿನ ಊರನ್ನಷ್ಟೇ ಕಾಪಾಡಿದರೆ ಇಂಥ ಹಕ್ಕಿ ಉಳಿಯುವುದಿಲ್ಲ. ದಾರಿಯ ತಂಗುದಾಣಗಳಲ್ಲೂ ಅದಕ್ಕೆ ಹುಳುಹುಪ್ಪಟೆ ಸಿಗಬೇಕು.

ಅದೇ ಜಾತಿಯ ಹಕ್ಕಿ ಭಾರತದ ಮೇಲೂ ಹಾದುಹೋಗುತ್ತದೆ. 2019ರಲ್ಲಿ ಮಂಗೋಲಿಯಾದಲ್ಲಿ ಟ್ಯಾಗ್ ಕಟ್ಟಿದ ಓನೊನ್ ಎಂಬ ಗಂಡು ಕೋಗಿಲೆ ಭಾರತದ ಮೂಲಕ ಅರಬ್ಬಿ ಸಮುದ್ರ ದಾಟಿ, ಆಫ್ರಿಕಾದ ಜಾಂಬಿಯಾದವರೆಗೂ ಹೋಯಿತು. ಮರುವರ್ಷ ಮಾರ್ಚಿನಲ್ಲಿ ಅಲ್ಲಿಂದ ಹೊರಟು, ಮತ್ತೆ ಕಡಲ ಮೇಲೆ ಹಾರಿ, ಮಧ್ಯಪ್ರದೇಶದಲ್ಲಿ ಇಳಿದು ಸುಧಾರಿಸಿಕೊಂಡು, ಮೇ ಕೊನೆಯಲ್ಲಿ ಮಂಗೋಲಿಯಾ ತಲುಪಿತು. ವಾಪಸು ಪಯಣವೊಂದೇ ಸುಮಾರು 12,000 ಕಿ.ಮೀ. ಇಳಿಯಲು ಮರವಿಲ್ಲದ ಕಡಲು ಅದು. ಹಿಂದಿನಿಂದ ಗಾಳಿ ತಳ್ಳಬೇಕು, ಹೊರಡುವ ಮೊದಲೇ ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿರಬೇಕು.

ನಮ್ಮ ಚಾತಕಕ್ಕೂ ಆಫ್ರಿಕಾದ ನಂಟುಂಟು. ಮುಂಗಾರಿನೊಂದಿಗೆ ಉತ್ತರ ಭಾರತಕ್ಕೆ ಬರುವ ಚಾತಕಗಳು ಅಲ್ಲಿಂದ ಬಂದವು. ದಕ್ಷಿಣದಲ್ಲಿ ವರ್ಷವಿಡೀ ಇರುವ ಒಳಜಾತಿಯೂ ಇದೆ. 2020ರಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಮೇಘ್, ಚಾತಕ್ ಎಂದು ಹೆಸರಿಟ್ಟ ಎರಡು ಹಕ್ಕಿಗಳಿಗೆ ಟ್ಯಾಗ್ ಕಟ್ಟಿತ್ತು.

ಓನೊನ್‌ನ ಜಾತಿಯ ಹಕ್ಕಿ ನಿಮಗೂ ಕಾಣಸಿಗಬಹುದು. ಸೆಪ್ಟೆಂಬರ್, ಅಕ್ಟೋಬರ್ ಬೆಳಗುಗಳಲ್ಲಿ ಕಲ್ಕೆರೆ ಕೆರೆಯಂಚಿನ ಮರಗಳನ್ನು ಗಮನಿಸಿ. ಬೂದು ಬಣ್ಣದ, ಉದ್ದ ಬಾಲದ, ಡೇಗೆಯಂತೆ ತೋರುವ ಹಕ್ಕಿಯೊಂದು ಕಂಬಳಿಹುಳು ಹೆಕ್ಕುತ್ತಿದ್ದರೆ ಹೊಟ್ಟೆಯ ಗೆರೆಗಳು ಕಾಣುವಂತೆ ಫೋಟೋ ತೆಗೆಯಿರಿ. ವಲಸೆಯ ಹೊತ್ತಿನಲ್ಲಿ ಅದು ಸಾಮಾನ್ಯವಾಗಿ ಕೂಗುವುದಿಲ್ಲ, ಹಾಗಾಗಿ ಕಣ್ಣನ್ನೇ ನಂಬಬೇಕು. ದಿನಾಂಕ, ಜಾಗ ಬರೆದು, ಹಕ್ಕಿ ನೋಡುವವರು ದಾಖಲೆ ಸೇರಿಸುವ ಇ-ಬರ್ಡ್‌ ಜಾಲತಾಣದಲ್ಲಿ ದಾಖಲಿಸಿ.